ಮಾಲೆ ಇಳಿಸಿದ ಮೇಲೆ

ನವೆಂಬರ್ ನಡುವಿನಲ್ಲಿ ಅಯ್ಯಪ್ಪ ಮಾಲೆ ಹಾಕುವ ಕಾಲ ಬಂತೆಂದರೆ ಊರಿನ ಬಾರುಗಳಲ್ಲಿ ಕೆಲವು ಖಾಯಂ ಮುಖಗಳು ಕಾಣೆಯಾಗುತ್ತವೆ. ಹೆಂಡತಿ ಅತ್ತರೂ ಬಗ್ಗದವನು, ತಾಯಿ ತಲೆ ಮುಟ್ಟಿಸಿ ಆಣೆ ಹಾಕಿಸಿದರೂ ಮೂರನೇ ದಿನಕ್ಕೆ ಅದನ್ನು ಮುರಿದವನು ಈಗ ಕಪ್ಪು ಪಂಚೆ ಉಟ್ಟು ಬರಿಗಾಲಲ್ಲಿ ಓಡಾಡುತ್ತಾನೆ. ಬೆಳಗಿನ ಜಾವ ತಣ್ಣೀರು ಸ್ನಾನ, ಸಂಜೆ ಭಜನೆ, 41 ದಿನ ತೊಟ್ಟೂ ಮುಟ್ಟುವುದಿಲ್ಲ. ಇನ್ನೇನು ಸರಿಹೋದ ಎಂದು ಮನೆಯವರು ಉಸಿರು ಬಿಡುತ್ತಾರೆ. ಶಬರಿಮಲೆಗೆ ಹೋಗಿ ಬಂದು ಮಾಲೆ ಇಳಿಸಿದ ಸಂಜೆಯೇ ಆಸಾಮಿ ಮತ್ತೆ ಅದೇ ಕೌಂಟರಿನ ಮುಂದೆ ನಿಂತಿರುತ್ತಾನೆ.

ದೇವರ ಭಯ ಇದ್ದಷ್ಟು ದಿನ ಬಿಟ್ಟಿದ್ದ, ಭಯ ಹೋಯಿತು, ಕುಡಿದ ಎಂದು ಊರು ತೀರ್ಪು ಕೊಡುತ್ತದೆ. ಆ 41 ದಿನಗಳನ್ನು ಇನ್ನೊಂದು ಕಡೆಯಿಂದಲೂ ನೋಡಬಹುದು. ಅಷ್ಟು ದಿನವೂ ಅವನು ಒಂಟಿಯಾಗಿರಲಿಲ್ಲ. ನಿನ್ನೆಯವರೆಗೆ 'ಏ ಕುಡುಕ' ಎನ್ನುತ್ತಿದ್ದವರೆಲ್ಲ 'ಸ್ವಾಮಿ' ಎಂದು ಕರೆದರು. ಹತ್ತಾರು ಸಲ ಬೆಟ್ಟ ಹತ್ತಿದ ಗುರುಸ್ವಾಮಿಯೊಬ್ಬರು ಕೈಹಿಡಿದು ನಡೆಸಿದರು. ಭಜನೆಗೆ ಬರದಿದ್ದರೆ ಯಾರೋ ಮನೆ ಬಾಗಿಲಿಗೆ ಬಂದು ವಿಚಾರಿಸಿದರು. ಮಾಲೆ ಇಳಿಯುತ್ತಲೇ ಆ ಗುಂಪು ಚದುರಿತು. ಅಯ್ಯಪ್ಪ ಎಲ್ಲಿಗೂ ಹೋಗಿರಲಿಲ್ಲ.

ಬಿಡುವುದು ಬೇರೆ, ಬಿಟ್ಟವನಾಗಿ ಉಳಿಯುವುದು ಬೇರೆ. ಮೊದಲನೆಯದಕ್ಕೆ ಆಸ್ಪತ್ರೆ ಇದೆ, ಮಾತ್ರೆ ಇದೆ, ಹರಕೆ ಇದೆ. ಎರಡನೆಯದಕ್ಕೆ ಏನಿದೆ ಎಂದು ಹುಡುಕಿಕೊಂಡು ಹೊರಟರೆ ದಾರಿ ಒಂದು ಹೋಟೆಲಿನ ಟೆಲಿಫೋನಿಗೆ ಕರೆದೊಯ್ಯುತ್ತದೆ.

ಅಮೆರಿಕದ ಓಹಾಯೋ ರಾಜ್ಯದ ಆಕ್ರನ್ ಆ ಕಾಲಕ್ಕೆ ಟೈರು ಕಾರ್ಖಾನೆಗಳ ಊರು. 1935ರ ಮೇ 11ರ ಶನಿವಾರ ಅಲ್ಲಿನ ಮೇಫ್ಲವರ್ ಹೋಟೆಲಿನ ಲಾಬಿಯಲ್ಲಿ ನ್ಯೂಯಾರ್ಕಿನ ಬಿಲ್ ವಿಲ್ಸನ್ ಎಂಬಾತ ಶತಪಥ ಹಾಕುತ್ತಿದ್ದ. ಒಂದು ಕಾಲಕ್ಕೆ ಷೇರುಪೇಟೆಯಲ್ಲಿ ಹಣ ಕಂಡವನು, ಕುಡಿತದಲ್ಲಿ ಎಲ್ಲ ಕಳೆದುಕೊಂಡು ಹಿಂದಿನ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಟೌನ್ಸ್ ಆಸ್ಪತ್ರೆ ಸೇರಿ ಬಿಟ್ಟಿದ್ದ. ಐದು ತಿಂಗಳಾಗಿತ್ತು. ಕಂಪನಿಯೊಂದರ ಆಡಳಿತ ಹಿಡಿಯುವ ಜಗಳಕ್ಕೆಂದು ಆಕ್ರನ್ನಿಗೆ ಬಂದವನು ಸೋತಿದ್ದ. ಜೇಬಿನಲ್ಲಿ ಹತ್ತು ಡಾಲರಿನ ಆಸುಪಾಸು. ಲಾಬಿಯ ಒಂದು ಕಡೆ ಬಾರು, ಒಳಗಿನಿಂದ ನಗು, ಗದ್ದಲ. ಇನ್ನೊಂದು ಕಡೆ ಟೆಲಿಫೋನು, ಊರಿನ ಚರ್ಚುಗಳ ಪಟ್ಟಿ.

ಆ ಐದು ತಿಂಗಳು ಬಿಲ್ ಕಂಡ ಕಂಡ ಕುಡುಕರಿಗೆಲ್ಲ ಬುದ್ಧಿ ಹೇಳುತ್ತ ತಿರುಗಿದ್ದ. ಒಬ್ಬನೂ ಬಿಟ್ಟಿರಲಿಲ್ಲ. ಸಂಕಟಪಟ್ಟುಕೊಂಡಾಗ ಹೆಂಡತಿ ಲೋಯಿಸ್, ಅವರು ಬಿಡದಿದ್ದರೂ ನೀನಂತೂ ಕುಡಿಯದೆ ಉಳಿದೆಯಲ್ಲ ಎಂದು ನೆನಪಿಸಿದ್ದಳು. ಮೇಫ್ಲವರಿನ ಲಾಬಿಯಲ್ಲಿ ಬಿಲ್‌ಗೆ ಹೊಳೆದದ್ದೂ ಇದೇ. ತಾನು ಬಾರಿನ ಕಡೆ ಹೋಗಬಾರದೆಂದರೆ ಈ ಗಳಿಗೆಯಲ್ಲಿ ಇನ್ನೊಬ್ಬ ಕುಡುಕನೊಡನೆ ಮಾತಾಡಬೇಕು. ಅವನನ್ನು ಉದ್ಧಾರ ಮಾಡುವ ಯೋಚನೆಯೇನಲ್ಲ, ತಾನು ಉಳಿಯಬೇಕಿತ್ತು. ಪಟ್ಟಿಯಿಂದ ಒಬ್ಬ ಪಾದ್ರಿಗೆ ಫೋನು ಮಾಡಿದ. ಅಲ್ಲಿಂದ ಎಳೆ ಹಿಡಿದು ಹೋದರೆ ಸಿಕ್ಕಿದವಳು ಹೆನ್ರಿಯೆಟ್ಟಾ ಸೈಬರ್ಲಿಂಗ್ ಎಂಬ ಮಹಿಳೆ. ಆಕೆಗೆ ಒಬ್ಬ ಕುಡುಕ ಡಾಕ್ಟರ್ ಗೊತ್ತಿದ್ದ.

ಅವನೇ ಡಾ. ಬಾಬ್ ಸ್ಮಿತ್, ಊರಿನಲ್ಲಿ ಹೆಸರಿದ್ದ ಸರ್ಜನ್. ಮರುದಿನ ಸಂಜೆ ಐದು ಗಂಟೆಗೆ ಬಂದಾಗ ಹಿಂದಿನ ದಿನದ ಅಮಲಿನಿಂದ ತಲೆ ಸಿಡಿಯುತ್ತಿತ್ತು. ಹದಿನೈದು ನಿಮಿಷ ಮಾತ್ರ ಎಂದು ಷರತ್ತು ಹಾಕಿಕೊಂಡೇ ಬಂದಿದ್ದ. ಎದ್ದಾಗ ರಾತ್ರಿ ಹನ್ನೊಂದು ದಾಟಿತ್ತು. ಮದ್ಯದಿಂದ ಯಕೃತ್ತಿಗೆ ಏನಾಗುತ್ತದೆ ಎಂದು ಡಾಕ್ಟರಿಗೆ ಹೇಳಿಕೊಡಬೇಕಾಗಿರಲಿಲ್ಲ. ಬಿಲ್ ಹೇಳಿದ್ದು ತನ್ನ ಕತೆ: ಬಾಟಲಿ ಬಚ್ಚಿಟ್ಟದ್ದು, ಸುಳ್ಳು ಹೇಳಿದ್ದು, ನಾಳೆಯಿಂದ ಇಲ್ಲ ಎಂದು ಬರೆದುಕೊಟ್ಟದ್ದು. ಅನುಭವಿಸಿ ಮಾತಾಡುವ ಮನುಷ್ಯ ಡಾ. ಬಾಬ್‌ಗೆ ಸಿಕ್ಕಿದ್ದು ಅದೇ ಮೊದಲು.

ಅಷ್ಟಕ್ಕೇ ಡಾಕ್ಟರ್ ಬಿಟ್ಟುಬಿಟ್ಟನೆಂದಲ್ಲ. ಜೂನ್ ಮೊದಲಲ್ಲಿ ವೈದ್ಯರ ಸಮ್ಮೇಳನಕ್ಕೆಂದು ಅಟ್ಲಾಂಟಿಕ್ ಸಿಟಿಗೆ ಹೋದವನು ರೈಲಿನಲ್ಲೇ ಶುರುಮಾಡಿ ಮೈಮೇಲೆ ಎಚ್ಚರವಿಲ್ಲದೆ ಮರಳಿದ. ಜೂನ್ 10ರ ಬೆಳಗ್ಗೆ ಅವನಿಗೊಂದು ಆಪರೇಷನ್ ಇತ್ತು, ಕೈ ಗಡಗಡ ನಡುಗುತ್ತಿತ್ತು. ನಡುಕ ನಿಲ್ಲಲೆಂದು ಬಿಲ್ಲೇ ಅವನಿಗೊಂದು ಬಾಟಲಿ ಬಿಯರ್ ಕೊಟ್ಟು ಆಸ್ಪತ್ರೆಗೆ ಬಿಟ್ಟ. ಡಾ. ಬಾಬ್ ಕುಡಿದ ಕೊನೆಯ ಮದ್ಯ ಅದು. ಆಪರೇಷನ್ ಮುಗಿಸಿ ತನಗೆ ಸಾಲ ಕೊಟ್ಟವರ ಮನೆಗಳಿಗೆ ಹೋಗಿ ಬಾಕಿಯ ಮಾತಾಡಿ ತಡವಾಗಿ ಮನೆಗೆ ಬಂದ. ಆಲ್ಕೋಹಾಲಿಕ್ಸ್ ಅನಾನಿಮಸ್, ಎಲ್ಲರ ಬಾಯಲ್ಲಿ 'ಎಎ', ತನ್ನ ಹುಟ್ಟುಹಬ್ಬವೆಂದು ಆಚರಿಸುವುದು ಆ ಜೂನ್ 10ನ್ನೇ. ಕುಡಿತ ಬಿಡಿಸುವ ಚಳವಳಿಯೊಂದರ ಜನ್ಮದಿನದಂದು ಸ್ಥಾಪಕನೊಬ್ಬ ಇನ್ನೊಬ್ಬನಿಗೆ ಬಿಯರ್ ಕುಡಿಸಿದ್ದ ಎಂಬುದನ್ನು ಅವರು ಮುಚ್ಚಿಟ್ಟಿಲ್ಲ.

ಆ ತಿಂಗಳ ಕೊನೆಗೆ ಇಬ್ಬರೂ ಆಕ್ರನ್ ಸಿಟಿ ಆಸ್ಪತ್ರೆಗೆ ಹೋದರು. ಅಲ್ಲಿ ಒಬ್ಬ ವಕೀಲನನ್ನು ಮಂಚಕ್ಕೆ ಕಟ್ಟಿ ಮಲಗಿಸಿದ್ದರು; ಅಮಲಿನಲ್ಲಿ ನರ್ಸುಗಳಿಗೆ ಹೊಡೆದಿದ್ದ. ಆರು ತಿಂಗಳಲ್ಲಿ ಎಂಟನೇ ಸಲ ಸೇರಿದ್ದ ಗಿರಾಕಿ. ಜುಲೈ 4ರಂದು ಅವನು ಆಸ್ಪತ್ರೆಯಿಂದ ನಡೆದು ಹೊರಬಂದ, ಮತ್ತೆ ಕುಡಿಯಲಿಲ್ಲ. ಮೂವರಾದರು. 1941ರ ಮಾರ್ಚಿನಲ್ಲಿ 'ಸ್ಯಾಟರ್ಡೇ ಈವನಿಂಗ್ ಪೋಸ್ಟ್' ಪತ್ರಿಕೆ ಇವರ ಬಗ್ಗೆ ಬರೆದಾಗ ಸುಮಾರು 2,000 ಇದ್ದ ಸದಸ್ಯರು ವರ್ಷ ಮುಗಿಯುವುದರೊಳಗೆ 8,000 ಆದರು. ಇಂದು ಸುಮಾರು 180 ದೇಶಗಳಲ್ಲಿ ಎಎ ಸಭೆಗಳಿವೆ. ಭಾರತಕ್ಕೆ ಅದು ಬಂದದ್ದು 1957ರಲ್ಲಿ, ದೆಹಲಿಗೆ.

ಇದಕ್ಕೂ ಮುಂಚೆ ಇಂಥದೇ ಪ್ರಯತ್ನವೊಂದು ಎದ್ದು ಬಿದ್ದಿತ್ತು. 1840ರಲ್ಲಿ ಬಾಲ್ಟಿಮೋರಿನ ಹೆಂಡದಂಗಡಿಯಲ್ಲಿ ಕೂತಿದ್ದ ಆರು ಜನ ಕುಡುಕರು ಇನ್ನು ಮುಟ್ಟುವುದಿಲ್ಲವೆಂದು ಒಟ್ಟಿಗೆ ಪ್ರತಿಜ್ಞೆ ಮಾಡಿ, ವಾಷಿಂಗ್ಟೋನಿಯನ್ನರು ಎಂದು ಹೆಸರಿಟ್ಟುಕೊಂಡು ಊರೂರಲ್ಲಿ ಸಭೆ ನಡೆಸಿದರು. ಲಕ್ಷಗಟ್ಟಲೆ ಜನ ಸೇರಿದರು. 1842ರ ಫೆಬ್ರವರಿ 22ರಂದು ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಅವರ ಸಭೆಯಲ್ಲಿ ಭಾಷಣ ಮಾಡಿದವನು ಯುವ ವಕೀಲ ಅಬ್ರಹಾಂ ಲಿಂಕನ್. ಆಮೇಲೆ ಪಾನನಿಷೇಧದ ರಾಜಕೀಯ ಒಳಗೆ ಹೊಕ್ಕಿತು, ಭಾಷಣಕಾರರು ಹೆಚ್ಚಿದರು, ಕೆಲವೇ ವರ್ಷಗಳಲ್ಲಿ ಎಲ್ಲ ಕರಗಿತು. ಎಎ ಅದರಿಂದ ಪಾಠ ಕಲಿತಿತು. ಪಾನನಿಷೇಧ ಬೇಕೋ ಬೇಡವೋ ಎಂದು ಕೇಳಿದರೆ ಅವರದು ಮೌನ. ಹೊರಗಿನವರ ದೇಣಿಗೆ ಮುಟ್ಟುವುದಿಲ್ಲ, ಆಸ್ತಿ ಮಾಡುವುದಿಲ್ಲ, ಮುಖಂಡರ ಕಟೌಟು ನಿಲ್ಲಿಸುವುದಿಲ್ಲ. ಸದಸ್ಯನಾಗಲು ಒಂದೇ ಅರ್ಹತೆ, ಕುಡಿತ ಬಿಡಬೇಕೆಂಬ ಆಸೆ. ನಮ್ಮಲ್ಲಿ ಸಂಘ ಕಟ್ಟಿದ ಮೂರನೇ ತಿಂಗಳಿಗೆ ಅಧ್ಯಕ್ಷಗಿರಿಗೆ ಕಿತ್ತಾಟ ಶುರುವಾಗುವುದನ್ನು ನೋಡಿದವರಿಗೆ ಈ ಎಚ್ಚರದ ಬೆಲೆ ತಿಳಿಯುತ್ತದೆ.

ಬೆಂಗಳೂರಿನಲ್ಲಿ ಎಎಯ ಕನ್ನಡ, ತಮಿಳು, ಇಂಗ್ಲಿಷ್ ಸಭೆಗಳು ನಡೆಯುತ್ತವೆ, ಹೆಚ್ಚಾಗಿ ಶಾಲೆಯ ಕೋಣೆಗಳಲ್ಲಿ, ಚರ್ಚಿನ ಆವರಣಗಳಲ್ಲಿ. ಹೊರಗಿನಿಂದ ನೋಡಿದರೆ ಬಡಾವಣೆಯ ನಿವಾಸಿಗಳ ಸಂಘದ ಮೀಟಿಂಗಿನಂತೆಯೇ ಇರುತ್ತದೆ. ಪ್ಲಾಸ್ಟಿಕ್ ಕುರ್ಚಿಗಳು, ಕುಡಿತ ಬಿಡಲು ಎಎ ಹಾಕಿಕೊಟ್ಟ ಹನ್ನೆರಡು ಹೆಜ್ಜೆಗಳ, ಗೋಡೆಗೆ ತೂಗುಹಾಕಿದ ಪಟ್ಟಿ, ಟೀ. ಒಬ್ಬೊಬ್ಬರಾಗಿ ಎದ್ದು ಹೆಸರು ಹೇಳಿ, ನಾನೊಬ್ಬ ಮದ್ಯವ್ಯಸನಿ ಎಂದು ಶುರುಮಾಡುತ್ತಾರೆ. ಇಪ್ಪತ್ತು ವರ್ಷದಿಂದ ಮುಟ್ಟದವನೂ 'ಆಗಿದ್ದೆ' ಎನ್ನುವುದಿಲ್ಲ, 'ಆಗಿದ್ದೇನೆ' ಎನ್ನುತ್ತಾನೆ. ಒಬ್ಬ ಮಾತಾಡುವಾಗ ಇನ್ನೊಬ್ಬ ನಡುವೆ ಬಾಯಿ ಹಾಕುವಂತಿಲ್ಲ, ಸಲಹೆ ಕೊಡುವಂತಿಲ್ಲ. ಮಗಳ ಕಿವಿಯ ಓಲೆ ಬಿಚ್ಚಿ ಅಡವಿಟ್ಟದ್ದನ್ನು ಒಬ್ಬ ಹೇಳುತ್ತಾನೆ. ಯಾರೂ ಛೆ ಎನ್ನುವುದಿಲ್ಲ. ಆ ಛೆ ಇಲ್ಲದಿರುವುದೇ ಹೊಸಬನನ್ನು ಬೆಚ್ಚಿಬೀಳಿಸುತ್ತದೆ. ಮನೆಯಲ್ಲಿ, ಆಸ್ಪತ್ರೆಯಲ್ಲಿ, ಠಾಣೆಯಲ್ಲಿ ಅವನು ಕೇಳಿಕೊಂಡು ಬಂದದ್ದು ಅದನ್ನೇ ತಾನೆ? ಇಲ್ಲಿ ಪಕ್ಕದ ಕುರ್ಚಿಯವನು ತಲೆಯಾಡಿಸುತ್ತಾನೆ. ಅವನು ಅಡವಿಟ್ಟದ್ದು ತಾಳಿಯನ್ನು.

ಕೊನೆಗೆ ಒಂದು ಚೀಲ ಸುತ್ತು ಬರುತ್ತದೆ. ಇದ್ದವರು ಹತ್ತೋ ಇಪ್ಪತ್ತೋ ಹಾಕುತ್ತಾರೆ, ಇಲ್ಲದವರು ಮುಂದಕ್ಕೆ ದಾಟಿಸುತ್ತಾರೆ. ಬಾಡಿಗೆ, ಟೀ ಅದರಲ್ಲೇ. ಕುಡಿಯದೆ ವರ್ಷ ತುಂಬಿದವರಿಗೆ ಅಂದು 'ಬರ್ತ್‌ಡೇ', ಕೇಕು. ಐವತ್ತು ದಾಟಿದ ಗಂಡಸು ಒಂದನೇ ವರ್ಷದ ಕೇಕು ಕತ್ತರಿಸುವುದು ಇಲ್ಲಿ ಯಾರಿಗೂ ತಮಾಷೆಯಲ್ಲ.

ಆದರೆ ಇದೆಲ್ಲ ಕೆಲಸ ಮಾಡುತ್ತದೆಯೆ? ವೈದ್ಯಲೋಕ ಬಹಳ ಕಾಲ ಮುಖ ಸಿಂಡರಿಸಿಕೊಂಡೇ ಇತ್ತು. ಕೂತು ಕತೆ ಹೇಳಿಕೊಂಡರೆ ರೋಗ ವಾಸಿಯಾಗುತ್ತದೆ ಎಂದರೆ ಯಾವ ಡಾಕ್ಟರ್ ಒಪ್ಪಿಯಾನು? 2020ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆ 27 ಅಧ್ಯಯನಗಳನ್ನು, 10,565 ಜನರ ಮಾಹಿತಿಯನ್ನು ಒಟ್ಟಿಗೆ ತೂಗಿ ನೋಡಿತು. ಎಎ ಕಡೆಗೆ ಕೈಹಿಡಿದು ಕರೆದೊಯ್ಯುವ ಚಿಕಿತ್ಸೆ ಪಡೆದವರಲ್ಲಿ ವರ್ಷದ ಕೊನೆಗೆ ಪೂರ್ತಿ ಕುಡಿಯದೆ ಉಳಿದವರು ನೂರಕ್ಕೆ 42. ಮನೋವೈಜ್ಞಾನಿಕ ಚಿಕಿತ್ಸೆಯೂ ಸೇರಿ ಬೇರೆ ದಾರಿ ಹಿಡಿದವರಲ್ಲಿ 35. ವ್ಯತ್ಯಾಸ ಏಳೇ ಜನ ಎನ್ನಬಹುದು. ಆ ಏಳು ಮನೆಗಳವರನ್ನು ಕೇಳಿದರೆ ಲೆಕ್ಕ ಬೇರೆಯಾಗುತ್ತದೆ. ಎಎ ದಾರಿ ಹಿಡಿದ ಉಳಿದ 58 ಜನ ವರ್ಷ ಪೂರ್ತಿ ಹಾಗೆ ನಿಲ್ಲಲಿಲ್ಲ ಎಂಬುದನ್ನೂ ಮರೆಯಬಾರದು. ಇದು ಅಂಜನ ಹಾಕಿದಂತೆ ಕೆಲಸ ಮಾಡುವ ಮದ್ದಲ್ಲ.

ಯಾಕೆ ಕೆಲಸ ಮಾಡುತ್ತದೆ ಎಂಬುದು ಇನ್ನೂ ಕುತೂಹಲದ ಪ್ರಶ್ನೆ. ಮಾರ್ಕ್ ಲಿಟ್ ಮತ್ತು ಸಂಗಡಿಗರು ಅಮೆರಿಕದಲ್ಲಿ ನಡೆಸಿದ ಅಧ್ಯಯನ ಒಡನಾಟದ ಮೇಲೆ ಕಣ್ಣಿಟ್ಟಿತು. ಕುಡಿತ ಬಿಟ್ಟವನ ಸ್ನೇಹವಲಯಕ್ಕೆ ಕುಡಿಯದ ಒಬ್ಬನೇ ಒಬ್ಬ ಗೆಳೆಯ ಬಂದು ಸೇರಿದರೂ ಮುಂದಿನ ವರ್ಷ ಅವನು ಕುಡಿಯದೆ ಉಳಿಯುವ ಸಾಧ್ಯತೆ ಶೇ. 27ರಷ್ಟು ಹೆಚ್ಚಿತು. ಮರಿಯಾ ಪಗಾನೊ ಎಂಬ ಸಂಶೋಧಕಿ ನೋಡಿದ್ದು ಸಹಾಯ ಮಾಡುವವರನ್ನು. ಚಿಕಿತ್ಸೆ ಮುಗಿದ ಮೇಲೆ ಬೇರೆ ವ್ಯಸನಿಗಳಿಗೆ ನೆರವಾಗುತ್ತಿದ್ದವರಲ್ಲಿ ಶೇ. 40 ಮಂದಿ ವರ್ಷವಿಡೀ ಕುಡಿಯದೆ ಉಳಿದರು, ನೆರವಾಗದವರಲ್ಲಿ ಶೇ. 22. ಲೋಯಿಸ್ ಗಂಡನಿಗೆ ಅಡುಗೆಮನೆಯ ಮಾತಾಗಿ ಹೇಳಿದ್ದು ಕೊನೆಗೆ ಅಂಕಿಯಾಗಿ ಬಂತು.

ಕರ್ನಾಟಕದ ಹಳ್ಳಿಗಳಿಗೆ ಹೋದರೆ ಎಎ ಹೆಸರು ಕೇಳಿದವರು ಕಡಿಮೆ. ಅಲ್ಲಿ ಜನರಿಗೆ ಗೊತ್ತಿರುವುದು ಮದ್ಯವರ್ಜನ ಶಿಬಿರ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ 1990ರ ದಶಕದಿಂದ ನಡೆಸಿಕೊಂಡು ಬಂದಿರುವ ಇಂಥ ಶಿಬಿರಗಳ ಸಂಖ್ಯೆ ಸಾವಿರ ದಾಟಿ ಎಷ್ಟೋ ಕಾಲವಾಯಿತು. ಊರಿನ ಸಮುದಾಯ ಭವನದಲ್ಲೋ ಕಲ್ಯಾಣ ಮಂಟಪದಲ್ಲೋ ಎಂಟು ದಿನ ವಾಸ. ಯೋಗ, ಭಜನೆ, ವೈದ್ಯರ ತಪಾಸಣೆ, ಆಪ್ತಸಲಹೆ, ಕೊನೆಗೆ ಮನೆಯವರನ್ನು ಕೂರಿಸಿ ಮಾತು. ತಮಿಳುನಾಡಿನ ಮಂಜಕ್ಕುಡಿ ಎಂಬ ಹಳ್ಳಿಯಲ್ಲೂ ಚೆನ್ನೈನ ಟಿಟಿಕೆ ಆಸ್ಪತ್ರೆ ಇಂಥದೇ ಶಿಬಿರಗಳನ್ನು ನಡೆಸಿದೆ. ಆ ಆಸ್ಪತ್ರೆಯನ್ನು 1980ರಲ್ಲಿ ಕಟ್ಟಿದ ಶಾಂತಿ ರಂಗನಾಥನ್ ಕುಡಿತಕ್ಕೆ ಗಂಡನನ್ನು ಕಳೆದುಕೊಂಡ ಹೆಣ್ಣುಮಗಳು.

ಎಂಟು ದಿನದಲ್ಲಿ ಹತ್ತು ವರ್ಷದ ಚಟ ಹೋಗುತ್ತದೆಯೇ ಎಂದು ಕೇಳುವುದು ಸಹಜ. ಶಿಬಿರದ ನಿಜವಾದ ಕೆಲಸ ಒಂಬತ್ತನೇ ದಿನ ಶುರುವಾಗುತ್ತದೆ. ಹೊರಬಂದವರನ್ನು ಸೇರಿಸಿ ಊರಲ್ಲೇ ಒಂದು 'ನವಜೀವನ ಸಮಿತಿ' ಮಾಡುತ್ತಾರೆ. ಸದಸ್ಯರು ವಾರಕ್ಕೊಮ್ಮೆ ಸೇರುತ್ತಾರೆ. ಬಿಟ್ಟು ನೂರು ದಿನವಾದಾಗ ಹೆಂಡತಿ ಮಕ್ಕಳೊಡನೆ ಶತದಿನೋತ್ಸವ. ಗಾಂಧಿ ಜಯಂತಿಯ ಹೊತ್ತಿಗೆ ಪಾನಮುಕ್ತರ ಸಮಾವೇಶ. ಮುಂದಿನ ಶಿಬಿರ ನಡೆದಾಗ ಹಿಂದಿನ ಶಿಬಿರದವರು ಸ್ವಯಂಸೇವಕರಾಗಿ ಹೋಗಿ, ಕೈ ನಡುಗುವ ಹೊಸಬನಿಗೆ ಊಟ ಬಡಿಸುತ್ತಾರೆ. ಆಕ್ರನ್ನಿನ ಇಬ್ಬರ ಹೆಸರನ್ನು ಇವರಲ್ಲಿ ಎಷ್ಟೋ ಜನ ಕೇಳಿರಲಿಕ್ಕಿಲ್ಲ. ಮಾಡುತ್ತಿರುವುದು ಅದನ್ನೇ.

ನವಜೀವನ ಸಮಿತಿಗಿರುವ ಒಂದು ಅನುಕೂಲ ಪೇಟೆಯ ಸಭೆಗಳಿಗಿಲ್ಲ. ಎಎ ಸಭೆಯಲ್ಲಿ ಗುಟ್ಟು ಮುಖ್ಯ. ಯಾರು ಬಂದರು, ಏನು ಹೇಳಿದರು ಎಂಬುದು ಬಾಗಿಲಾಚೆ ಹೋಗುವಂತಿಲ್ಲ. ಹಳ್ಳಿಯಲ್ಲಿ ಗುಟ್ಟೆಲ್ಲಿಯದು? ಯಾರು ಯಾವ ಚರಂಡಿಯಲ್ಲಿ ಬಿದ್ದಿದ್ದರೆಂದು ಊರಿಗೇ ಗೊತ್ತು. ಹಾಗಾಗಿ ಬಿಟ್ಟದ್ದೂ ಊರಿಗೇ ಗೊತ್ತಾಗಲಿ ಎಂಬುದು ನವಜೀವನದ ಕ್ರಮ. ಜಾರಿದರೆ ನಾಚಿಕೆಯೂ ಅಷ್ಟೇ ಬಹಿರಂಗ, ಅದೇ ಇದರ ಕಷ್ಟ. ಜಾರಿದವನು ಸಮಿತಿಗೆ ಮುಖ ತೋರಿಸಲಾರದೆ ತಪ್ಪಿಸಿಕೊಂಡು ತಿರುಗುತ್ತಾನೆ, ಆಗ ಹುಡುಕಿಕೊಂಡು ಹೋಗುವ ಒಬ್ಬನಾದರೂ ಇರಬೇಕು.

ಜಾರುವ ದಿನಗಳು ಬಹುಮಟ್ಟಿಗೆ ಮೊದಲೇ ಗೊತ್ತಿರುತ್ತವೆ. ಸಂಬಳದ ದಿನ. ಚುನಾವಣೆಯ ಹಿಂದಿನ ರಾತ್ರಿ. ಹಳೇ ಮೈಸೂರು ಕಡೆ ಯುಗಾದಿಯ ಮರುದಿನದ ಹೊಸತೊಡಕು: ಬೆಳಗ್ಗೆಯೇ ಗುಡ್ಡೆ ಮಾಂಸ ಪಾಲಾಗಿ, ಮಧ್ಯಾಹ್ನದ ಹೊತ್ತಿಗೆ ಅಣ್ಣತಮ್ಮಂದಿರು, ಭಾವಮೈದುನರು ತೆಂಗಿನ ಮರದಡಿ ಚಾಪೆ ಹಾಸಿರುತ್ತಾರೆ. 'ಒಂದೇ ಒಂದು ರೌಂಡು ಕಣ್ ಭಾವ, ವರ್ಷಕ್ಕೊಂದ್ ಹಬ್ಬ' ಎಂದು ಕರೆಯುವ ಮೈದುನನಿಗೆ ಕೆಡಿಸುವ ಉದ್ದೇಶವೇನಿಲ್ಲ, ಅದು ಅವನ ಪ್ರೀತಿ. ಇಂಥ ಹೊತ್ತಿಗೆ ಬಿಟ್ಟವರು ಒಬ್ಬರಿಗೊಬ್ಬರು ಹೇಳಿಕೊಡುವ ಉಪಾಯಗಳು ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಹೊಟ್ಟೆ ತುಂಬ ಉಂಡುಕೊಂಡು ಹೋಗು. ಹೋದ ತಕ್ಷಣ ಮಜ್ಜಿಗೆಯದೋ ಸೋಡಾದ್ದೋ ಲೋಟ ಕೈಯಲ್ಲಿ ಹಿಡಿ, ಖಾಲಿ ಕೈ ಕಂಡರೆ ತುಂಬುವವರೇ ಎಲ್ಲ. ಬೈಕನ್ನು ರಸ್ತೆ ಕಡೆ ಮುಖ ಮಾಡಿ ನಿಲ್ಲಿಸು. ಆಗದಿದ್ದರೆ ದನ ಕಟ್ಟುವ ನೆಪ ಹೇಳಿ ಆಚೆ ಬಂದು ನನಗೆ ಫೋನು ಮಾಡು.

ಆ ಫೋನಿನ ಇನ್ನೊಂದು ತುದಿಯವನು ಎಎ ಭಾಷೆಯಲ್ಲಿ 'ಸ್ಪಾನ್ಸರ್'. ಅವನ ಮೊದಲ ಪ್ರಶ್ನೆ ಹೆಚ್ಚಾಗಿ 'ಊಟ ಆಯ್ತಾ?' ಎಂದೇ ಇರುತ್ತದೆ. ಹಸಿವು, ಸಿಟ್ಟು, ಒಂಟಿತನ, ದಣಿವು, ಈ ನಾಲ್ಕರಲ್ಲಿ ಯಾವುದಾದರೊಂದು ಇದ್ದಾಗಲೇ ಕಾಲು ಜಾರುತ್ತದೆ ಎಂಬುದು ಅವರ ಅನುಭವದ ಲೆಕ್ಕ. ಜೀವಮಾನವಿಡೀ ಕುಡಿಯುವುದಿಲ್ಲವೆಂಬ ಪ್ರತಿಜ್ಞೆಯನ್ನೂ ಅವರು ಕೇಳುವುದಿಲ್ಲ. ಇವತ್ತೊಂದು ದಿನ ತಳ್ಳು, ನಾಳೆಯದು ನಾಳೆಗೆ.

ಗುಂಪಿನ ಬಲ ಹೊಗಳುವಾಗ ಒಂದು ಎಚ್ಚರ ಹೇಳದಿದ್ದರೆ ಅಪಚಾರವಾದೀತು. ಎದ್ದ ಕೂಡಲೇ ಕುಡಿಯದಿದ್ದರೆ ಕೈ ನಡುಗುವ ಮಟ್ಟಕ್ಕೆ ಹೋದವನು ಮಾಲೆ ಹಾಕಿಯೋ ಹರಕೆ ಹೊತ್ತೋ ದಿಢೀರನೆ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಬುದ್ಧಿ ಭ್ರಮಿಸಿ ಇಲ್ಲದ್ದು ಕಾಣತೊಡಗಬಹುದು. ಮನೆಯವರು ಅದನ್ನು ಗಾಳಿ ಸೋಕಿದೆ ಎಂದುಕೊಂಡು ಮಂತ್ರವಾದಿಯನ್ನು ಕರೆಸುತ್ತಾರೆ. ಅದು ಪ್ರಾಣಕ್ಕೇ ಎರವಾಗಬಲ್ಲ ಸ್ಥಿತಿ, ಹೋಗಬೇಕಾದ್ದು ಆಸ್ಪತ್ರೆಗೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವ್ಯಸನ ಚಿಕಿತ್ಸಾ ಕೇಂದ್ರವಿದೆ. ಕುಡಿಯುವ ತುಡಿತ ತಗ್ಗಿಸುವ ನಾಲ್ಟ್ರೆಕ್ಸೋನ್‌ನಂಥ ಔಷಧಗಳೂ ಇವೆ. ಮಾತ್ರೆ ನುಂಗಿ ಬಿಟ್ಟವನು ನಿಜವಾಗಿ ಬಿಟ್ಟವನಲ್ಲ ಎಂದು ಮೂಗು ಮುರಿಯುವ ಹಿರಿಯ ಸದಸ್ಯರು ಎಎಯಲ್ಲಿ ಅಲ್ಲಲ್ಲಿ ಇದ್ದಾರೆ. ಸಂಸ್ಥೆಯ ನಿಲುವು ಅದಲ್ಲ, ವೈದ್ಯರು ಬರೆದುಕೊಟ್ಟದ್ದನ್ನು ನಿಲ್ಲಿಸು ಎಂದು ಹೇಳುವ ಅಧಿಕಾರ ಯಾವ ಸದಸ್ಯನಿಗೂ ಇಲ್ಲ.

ಇನ್ನೊಂದು ತಕರಾರು ದೇವರ ಕುರಿತದ್ದು. ಹನ್ನೆರಡು ಹೆಜ್ಜೆಗಳಲ್ಲಿ 'ನಮಗಿಂತ ದೊಡ್ಡ ಶಕ್ತಿ'ಯ ಮಾತು ಮತ್ತೆ ಮತ್ತೆ ಬರುತ್ತದೆ, ನಾಸ್ತಿಕರಿಗೆ ಅದು ಗಂಟಲಿಗಿಳಿಯುವುದಿಲ್ಲ. ಅವರಿಗಾಗಿಯೇ ದೇವರ ಹಂಗಿಲ್ಲದ 'ಸ್ಮಾರ್ಟ್ ರಿಕವರಿ'ಯಂಥ ಕೂಟಗಳು ಅಮೆರಿಕದಲ್ಲಿ ಹುಟ್ಟಿದವು. ಜೀನ್ ಕರ್ಕ್‌ಪ್ಯಾಟ್ರಿಕ್ ಎಂಬಾಕೆ 1975ರಲ್ಲಿ ಹೆಂಗಸರಿಗೆಂದೇ ಬೇರೆ ಕೂಟ ಕಟ್ಟಿದಳು. ಅಹಂಕಾರ ಇಳಿಸಿಕೊಳ್ಳಿ ಎಂಬ ಉಪದೇಶ ಮೊದಲೇ ತುಳಿಸಿಕೊಂಡ ಹೆಣ್ಣಿಗೆ ಯಾಕೆ ಎಂಬುದು ಅವಳ ಪ್ರಶ್ನೆ. ನಮ್ಮಲ್ಲಿ ಕುಡಿಯುವ ಹೆಣ್ಣಿನ ಕಷ್ಟ ಇನ್ನೂ ಒಂದು ಕೈ ಮೇಲು. ಗಂಡಸರೇ ತುಂಬಿದ ಕೋಣೆಯಲ್ಲಿ ಎದ್ದು ನಿಂತು ಅವಳು ಏನೆಂದು ಹೇಳಿಯಾಳು? ಕುಡಿಯುವವನ ಹೆಂಡತಿಗೆ ಮಾತ್ರ ಜಾಗವಿದೆ. ಲೋಯಿಸ್ 1951ರಲ್ಲಿ ಶುರುಮಾಡಿದ 'ಅಲ್-ಅನಾನ್' ಮನೆಯವರ ಕೂಟ. ಬಾಟಲಿ ಹುಡುಕಿ ಚರಂಡಿಗೆ ಸುರಿಯುವುದು, ಸಾಲ ತೀರಿಸುವುದು, ಆಫೀಸಿಗೆ ಜ್ವರವೆಂದು ಸುಳ್ಳು ಫೋನು ಮಾಡುವುದು, ಇವನ್ನೆಲ್ಲ ಬಿಡುವುದು ಹೇಗೆಂದು ಅಲ್ಲಿ ಹೆಂಗಸರು ಒಬ್ಬರಿಂದೊಬ್ಬರು ಕಲಿಯುತ್ತಾರೆ.

2019ರಲ್ಲಿ ಪ್ರಕಟವಾದ ಕೇಂದ್ರ ಸರ್ಕಾರದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮದ್ಯ ಸೇವಿಸುವವರು ಸುಮಾರು 16 ಕೋಟಿ. ಅದಿಲ್ಲದೆ ಆಗದೆಂಬ ಸ್ಥಿತಿ ತಲುಪಿದವರಲ್ಲಿ 38 ಜನರಿಗೆ ಒಬ್ಬನಷ್ಟೇ ಯಾವುದಾದರೂ ಚಿಕಿತ್ಸೆ, ನೆರವು ಕಂಡವನು. ಇತ್ತ ಕರ್ನಾಟಕ 2025-26ರ ಬಜೆಟ್‌ನಲ್ಲಿ ಅಬಕಾರಿಯಿಂದ ನಿರೀಕ್ಷಿಸಿದ್ದು 40,000 ಕೋಟಿ ರೂಪಾಯಿ. ಸಹಾಯ ಬೇಕೆನ್ನುವವರಿಗೆ 14446 ಎಂಬ ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿ ಇದೆ, ಮಾನಸಿಕ ಆರೋಗ್ಯಕ್ಕೆ ಟೆಲಿ-ಮಾನಸ್ 14416 ಇದೆ, ಎರಡಕ್ಕೂ ಕಾಸಿಲ್ಲ.

ಮೊದಲ ಸಲ ಸಭೆಗೆ ಬಂದವನು ಸಾಮಾನ್ಯವಾಗಿ ಬಾಗಿಲ ಪಕ್ಕದ ಕುರ್ಚಿಯಲ್ಲೇ ಕೂರುತ್ತಾನೆ, ಎದ್ದು ಓಡಲು ಸುಲಭವಾಗಲಿ ಎಂದು. ಅವನನ್ನು ಯಾರೂ ಮಾತಾಡೆಂದು ಒತ್ತಾಯಿಸುವುದಿಲ್ಲ. ಸಭೆ ಮುಗಿದು ಎಲ್ಲರೂ ಏಳುವಾಗ ಹಳಬನೊಬ್ಬ ಹತ್ತಿರ ಬಂದು, ಮುಂದಿನ ವಾರ ಅರ್ಧ ಗಂಟೆ ಮುಂಚೆ ಬರಲಾಗುತ್ತದಾ, ಕುರ್ಚಿ ಹಾಕಲು ಒಬ್ಬರು ಬೇಕಿತ್ತು ಎನ್ನುತ್ತಾನೆ. ಮನೆಯಲ್ಲಿ ತರಕಾರಿಗೆ ಕೊಟ್ಟ ದುಡ್ಡನ್ನೂ ಅವನ ಕೈಗೆ ನಂಬಿ ಕೊಡುವುದು ನಿಂತು ವರ್ಷಗಳಾಗಿರುತ್ತವೆ. ಇಲ್ಲಿ ಟೀ ಪುಡಿ, ಸಕ್ಕರೆ, ಲೋಟಗಳನ್ನಿಟ್ಟ ಬೀರುವಿನ ಬೀಗದ ಕೈ ತೆಗೆದು ಕೊಡುತ್ತಾರೆ.